ಕೆಸರಿನ ಮೇಲಿನ ಕಂದು ಪೊರೆ: ಅಘನಾಶಿನಿಯಲ್ಲಿ ನಾನು ಅಳೆದ ಬಗೆ

ಇಳಿತದ ಹೊತ್ತಿಗೆ ಅಘನಾಶಿನಿ ಅಳಿವೆಯ ಕೆಸರು ಬಯಲಿಗೆ ಹೋದರೆ ಮೇಲೆ ಕಂದು ಬಣ್ಣದ ತೆಳು ಪೊರೆ ಕಾಣುತ್ತದೆ. ಕೊಳೆ ಅಂದುಕೊಂಡು ಜನ ದಾಟಿ ಹೋಗುತ್ತಾರೆ. ಆದರೆ ಅದು ಜೀವಂತ ಪಾಚಿ. ಹೆಚ್ಚಿನವು ಡಯಾಟಂಗಳು, ಸಿಲಿಕಾದ ಚಿಪ್ಪು ಹೊತ್ತ ಒಂಟಿ ಕೋಶದ ಜೀವಿಗಳು. ಕೆಸರಿನಿಂದ ನೀರಿಗೆ ಎಷ್ಟು ಅಮೋನಿಯ, ಎಷ್ಟು ಫಾಸ್ಫೇಟ್ ಹೋಗುತ್ತದೆ ಅನ್ನುವುದು ಬಹುಮಟ್ಟಿಗೆ ಈ ಪೊರೆಯ ಕೈಯಲ್ಲಿದೆ.

ಎಲ್ಲಿ ನಿಲ್ಲಬೇಕು ಅನ್ನುವುದನ್ನು ಬೆಳಚು, ಅಂದರೆ ಕೆಸರಲ್ಲಿ ಬದುಕುವ ಚಿಪ್ಪುಜೀವಿ, ಹೆಕ್ಕುವ ಹೆಂಗಸರನ್ನೇ ಕೇಳಿಕೊಂಡೆ. "ಅಲ್ಲಿ ಕಾಲು ಹೂತು ಹೋಗ್ತದೆ ತಮಾ, ಈಚೆ ಬಾ" ಅಂದರು. ಕೆಸರಿನ ಗುಣ ಅವರಷ್ಟು ಬಲ್ಲವರು ಯಾರೂ ಇಲ್ಲ.

ಪಾರದರ್ಶಕ ಅಕ್ರಿಲಿಕ್ ಕೊಳವೆಯನ್ನು ನೆಟ್ಟಗೆ, ನಿಧಾನವಾಗಿ ಒತ್ತಬೇಕು. ಮೇಲೆ ರಬ್ಬರ್ ಬಿರಡೆ ಹಾಕಿ ಎತ್ತಿ, ಕೆಳಗೂ ತಕ್ಷಣ ಮುಚ್ಚಬೇಕು. ಪಕ್ಕದಿಂದ ನೋಡಿದರೆ ಮೇಲೆ ಕಂದು ಗೆರೆ, ಅದರಡಿ ಬೂದು, ಆಮೇಲೆ ಕಪ್ಪು. ಕಪ್ಪಿಗೆ ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಆಮ್ಲಜನಕ ಇಲ್ಲ. ಇಂಥ ಕೆಸರಲ್ಲಿ ಬೆಳಕು ಇಳಿಯುವುದೇ ಎರಡು ಮೂರು ಮಿಲಿಮೀಟರ್, ಪಾಚಿಯ ಸಂಸಾರವೆಲ್ಲ ಅಷ್ಟರಲ್ಲೇ.

ಅಡಿಯಲ್ಲಿ ಬ್ಯಾಕ್ಟೀರಿಯಾಗಳು ಸತ್ತ ಎಲೆ, ಜೀವಿಗಳನ್ನು ಕೊಳೆಸಿ ಅಮೋನಿಯ ಮಾಡುತ್ತವೆ. ಅದು ಮೇಲೇರಿ ಬರುತ್ತದೆ. ಹಗಲಲ್ಲಿ ಪಾಚಿ ಅದನ್ನು ದಾರಿಯಲ್ಲೇ ಹಿಡಿದು ತಿನ್ನುತ್ತದೆ. ಪಾಚಿ ಬಿಡುವ ಆಮ್ಲಜನಕದಿಂದ ಮೇಲ್ಪದರದ ಕಬ್ಬಿಣ ತುಕ್ಕಿನ ರೂಪದಲ್ಲಿರುತ್ತದೆ, ಆ ತುಕ್ಕು ಫಾಸ್ಫೇಟನ್ನು ಕಟ್ಟಿ ಇಟ್ಟುಕೊಳ್ಳುತ್ತದೆ. ರಾತ್ರಿ ಆಮ್ಲಜನಕದ ಪದರ ತೆಳ್ಳಗಾದಾಗ ಈ ಹಿಡಿತ ಸಡಿಲವಾಗುತ್ತದೆ.

ಹಾಗಾಗಿ ಅರ್ಧ ಕೊಳವೆಗಳನ್ನು ಬೆಳಕಲ್ಲಿ ಇಟ್ಟೆ, ಉಳಿದವಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿದೆ. ಎಲ್ಲವೂ ಒಂದೇ ತೊಟ್ಟಿಯ ನೀರಲ್ಲಿ, ಉಷ್ಣಾಂಶ ಒಂದೇ ಇರಬೇಕಲ್ವಾ. ಸೋಸಿದ ಅಳಿವೆ ನೀರನ್ನು ಕೆಸರು ಕದಡದಂತೆ ಹನಿ ಹನಿಯಾಗಿ ತುಂಬಿಸಿದೆ, ಒಂದೇ ಒಂದು ಗಾಳಿಗುಳ್ಳೆಯೂ ಉಳಿಯದಂತೆ. ಬರೀ ನೀರಿನ ಕೊಳವೆಯೂ ಜೊತೆಗೆ ಇರಲೇಬೇಕು. ನೀರಿನಲ್ಲಿ ತಾನಾಗಿ ಆಗುವ ಬದಲಾವಣೆಯನ್ನು ಕೊನೆಗೆ ಕಳೆಯಲು ಅದು ಬೇಕು.

ಆಮ್ಲಜನಕಕ್ಕೆ ವಿಂಕ್ಲರ್ ವಿಧಾನ ನನಗೆ ಇವತ್ತಿಗೂ ಇಷ್ಟ. ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್, ಕ್ಷಾರದ ಅಯೋಡೈಡ್ ಹಾಕಿದ ಕೂಡಲೇ ಹತ್ತಿಯಂಥ ಗಸಿ ಕಟ್ಟುತ್ತದೆ, ಆಮ್ಲಜನಕ ಹೆಚ್ಚಿದ್ದಷ್ಟೂ ಅದರ ಕಂದು ಗಾಢ. ಬೆಳಕಿನ ಕೊಳವೆಯ ನೀರಿನಲ್ಲಿ ಗಾಢ ಕಂದು, ಕತ್ತಲೆಯದ್ದರಲ್ಲಿ ಮಾಸಲು. ಟೈಟ್ರೇಷನ್‌ಗೆ, ಅಂದರೆ ದ್ರಾವಣ ಹನಿಸಿ ಪ್ರಮಾಣ ಅಳೆಯುವುದಕ್ಕೆ, ಮುಂಚೆಯೇ ಪಾಚಿಯ ಕೆಲಸ ಕಣ್ಣಿಗೆ ಬೀಳುತ್ತದೆ. ಅಮೋನಿಯವನ್ನು ಅದೇ ದಿನ ಅಳೆದು ಮುಗಿಸಿದೆ. ಡಯಾಟಂಗಳ ಚಿಪ್ಪಿಗೆ ಬೇಕಾದ ಸಿಲಿಕೇಟ್ ಅಳೆಯಲು ಪ್ಲಾಸ್ಟಿಕ್ ಬಾಟಲಿಯೇ ಸರಿ, ಗಾಜು ಸಿಲಿಕಾವನ್ನು ನೀರಿಗೆ ಬಿಡುತ್ತದೆ.

ಕತ್ತಲೆಯಲ್ಲಿ ಅಮೋನಿಯ ಏರುತ್ತಾ ಹೋಯಿತು. ಬೆಳಕಿನಲ್ಲಿ ಏರಿದ್ದು ಬಹಳ ಕಡಿಮೆ, ಪೊರೆ ದಪ್ಪಗಿದ್ದ ಕೊಳವೆಗಳಲ್ಲಿ ಇಳಿದೂ ಇತ್ತು. ಬರೀ ಹಗಲಿನ ಅಳತೆಯಿಂದ ಅಳಿವೆಯ ಲೆಕ್ಕ ಬರೆಯುವುದನ್ನು ನಾನು ಒಪ್ಪುವುದಿಲ್ಲ. ದಿನದ ಅರ್ಧ ರಾತ್ರಿಯೇ ತಾನೇ?

ಪಾಚಿ ನೋಡಲು ದುಬಾರಿ ಸಲಕರಣೆ ಬೇಡ. ತಟ್ಟೆಯಲ್ಲಿ ಕೆಸರು ಹರಡಿ, ಮೇಲೆ ಲೆನ್ಸ್ ಒರೆಸುವ ತೆಳು ಕಾಗದ ಹಾಸಿ, ಬೆಳಕಿನಲ್ಲಿ ಬಿಡಿ. ಡಯಾಟಂಗಳು ತಾವೇ ತೆವಳಿ ಕಾಗದಕ್ಕೆ ಬರುತ್ತವೆ. ದೋಣಿಯಾಕಾರದ ನ್ಯಾವಿಕ್ಯುಲಾ, ಎಸ್ ಅಕ್ಷರದಂತೆ ಬಾಗಿದ ಗೈರೋಸಿಗ್ಮಾ ಜಾರಿ ಹೋಗುವುದನ್ನು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿ. ನನಗಂತೂ ಎಷ್ಟು ನೋಡಿದರೂ ಸಾಕೆನಿಸಿಲ್ಲ.

ಇನ್ನೊಂದು ಮಾತು. ಅಳತೆ ಮುಗಿದ ಮೇಲೆ ಕೆಸರನ್ನು ಸುಮ್ನೆ ಚೆಲ್ಲಬೇಡಿ, ಜರಡಿ ಹಿಡಿಯಿರಿ. ಒಳಗೆ ಬೆಳಚು ಇದ್ದರೆ ಅದೂ ಅಮೋನಿಯ ಬಿಡುತ್ತದೆ. ಅಂಥ ಕೊಳವೆಯ ಅಂಕಿಯನ್ನು ಬೇರೆ ಗುರುತಿಟ್ಟು ಬರೆಯಬೇಕು.