ಆರ್ಥರ್ ರಾಜನ ಕತೆನ ಸ್ಥಳಪುರಾಣದ ಹಾಗೆ ಓದೋದು ಹೇಗೆ

ಯಾಣಕ್ಕೆ ಹೋದವ್ರಿಗೆ ಗೊತ್ತು, ಭೈರವೇಶ್ವರ ಶಿಖರದ ಬುಡದಲ್ಲಿ ನಿಂತ್ರೆ ಸಾಕು, ಪಕ್ಕದಲ್ಲಿ ಯಾರಾದ್ರೂ ಒಬ್ರು ಭಸ್ಮಾಸುರ ಸುಟ್ಟು ಬೂದಿಯಾಗಿದ್ದು ಇಲ್ಲೇ, ಅದಕ್ಕೇ ಇಲ್ಲಿ ಮಣ್ಣು ಕಪ್ಪು ಅಂತ ಶುರು ಮಾಡ್ತಾರೆ. ಸುಣ್ಣಕಲ್ಲು ಮೊದ್ಲಿಂದ ಇತ್ತು, ಕತೆ ಆಮೇಲೆ ಬಂತು. ಬ್ರಿಟನ್ನಿನ ಆರ್ಥರ್‌ನೂ ಹಿಂಗೇ ಓದಿ.

ಮೊದ್ಲು ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೀರಿ, ಎಡಕ್ಕೆ ನಡೀತು ಅನ್ನೋ ಕಾಲ, ಬಲಕ್ಕೆ ಬರೆದ ಕಾಲ. ಆರ್ಥರ್ ಕಾಲ 500ರ ಆಸುಪಾಸು ಅಂತಾರೆ. ಆದ್ರೆ 6ನೇ ಶತಮಾನದ ಗಿಲ್ಡಾಸ್ ಅನ್ನೋ ಸನ್ಯಾಸಿ, ಆರ್ಥರ್ ಗೆದ್ದ ಅಂತ ಆಮೇಲಿನವ್ರು ಹೇಳೋ ಬೇಡನ್ ಯುದ್ಧದ ಬಗ್ಗೆ ಬರೀತಾನೆ, ಆರ್ಥರ್ ಹೆಸರೇ ಎತ್ತಲ್ಲ! 830ರ ಸುಮಾರಿಗೆ ವೇಲ್ಸ್ ಕಡೆ ಬರೆದ ಪುಸ್ತಕದಲ್ಲಿ ಅವ್ನು 12 ಯುದ್ಧ ಗೆದ್ದ, 1130ರ ದಶಕದಲ್ಲಿ ಮನ್ಮತ್‌ನ ಜೆಫ್ರಿ ಪೂರ್ತಿ ಜಾತಕನೇ ಬರೆದ. ಆರ್ಥರ್‌ನ ಆಸ್ಥಾನಕ್ಕೆ ಕ್ಯಾಮೆಲಾಟ್ ಅನ್ನೋ ಹೆಸರು ಬಂದಿದ್ದು ಅದಕ್ಕೂ ಆಮೇಲೆ, ಅದೂ ಫ್ರೆಂಚ್ ಕವಿಯಿಂದ.

ಆಮೇಲೆ ನೆಲ ನೋಡಿ. ನಂಗೆ ಇಷ್ಟ ಆಗೋದು ಟಿಂಟಾಜೆಲ್, ಕಾರ್ನ್‌ವಾಲ್ ತೀರದಲ್ಲಿ ಸಮುದ್ರಕ್ಕೆ ಚಾಚಿದ ಬಂಡೆ, ಆರ್ಥರ್ ಹುಟ್ಟಿದ್ದು ಅಲ್ಲಿ ಅಂತ ಕತೆ. ಅಗೆದಾಗ ಸಿಕ್ಕಿದ್ದು 5-6ನೇ ಶತಮಾನದ ಮಡಕೆ ಚೂರು, ಮೆಡಿಟರೇನಿಯನ್ ಕಡೆಯಿಂದ ಎಣ್ಣೆ, ವೈನ್ ತುಂಬ್ಕೊಂಡು ಹಡಗಲ್ಲಿ ಬಂದ ಪಾತ್ರೆಗಳವು, ಅಂದ್ರೆ ಯಾರೋ ದೊಡ್ಡ ಕುಳ ಅಲ್ಲಿದ್ದಿದ್ದು ನಿಜ (ಮಿರ್ಜಾನಿನ ಮೆಣಸಿನ ವ್ಯಾಪಾರ ಗೊತ್ತಿದ್ದವ್ರಿಗೆ ಇದು ತಟ್ಟನೆ ಅರ್ಥ ಆಗುತ್ತೆ). ಆದ್ರೆ ಈಗ ಎಲ್ರೂ ಫೋಟೋ ತೆಗೆಯೋ ಕೋಟೆ 1230ರ ದಶಕದಲ್ಲಿ ರಿಚರ್ಡ್ ಅನ್ನೋ ಅರ್ಲ್ (ಅಲ್ಲಿನ ದೊಡ್ಡ ಜಹಗೀರ್‌ದಾರ) ಕಟ್ಟಿಸಿದ್ದು, ಜೆಫ್ರಿ ಪುಸ್ತಕ ಬಂದು 100 ವರ್ಷದ ಮೇಲೆ. ಕತೆ ಕೇಳಿ ಕೋಟೆ ಕಟ್ಟಿದಾನೆ ಮಾರಾಯ್ರೆ, ಉಲ್ಟಾ ಅಲ್ಲ.

ಕೊನೇದು, ಲಾಭ ಯಾರಿಗೆ ಅಂತ ಕೇಳಿ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಅನ್ನೋ ಕ್ರೈಸ್ತ ಮಠ 1184ರಲ್ಲಿ ಸುಟ್ಟೋಯ್ತು, ಕಟ್ಟೋಕೆ ದುಡ್ಡು ಬೇಕು, ಸರಿಯಾಗಿ 1191ರಲ್ಲಿ ಅಲ್ಲೇ ಆರ್ಥರ್ ಸಮಾಧಿ 'ಸಿಕ್ತು', ಹೆಸರು ಕೆತ್ತಿದ ಸೀಸದ ಶಿಲುಬೆ ಸಮೇತ. 1278ರಲ್ಲಿ ದೊರೆ ಒಂದನೇ ಎಡ್ವರ್ಡ್ ಬಂದು ಆ ಮೂಳೆನ ಮರ್ಯಾದೆಯಿಂದ ಮತ್ತೆ ಹೂಳಿಸಿದ. ಆರ್ಥರ್ ವಾಪಸ್ ಬರ್ತಾನೆ ಅಂತ ಕಾಯ್ತಿದ್ದ ವೇಲ್ಸ್ ಜನ್ರ ಜೊತೆ ಎಡ್ವರ್ಡ್ ಹಿಂದಿನ ವರ್ಷ ತಾನೇ ಯುದ್ಧ ಮಾಡಿದ್ದ, ಲೆಕ್ಕ ನೀವೇ ಹಾಕ್ಕೊಳ್ಳಿ.

ಅಭ್ಯಾಸಕ್ಕೆ ರಾಬಿನ್ ಹುಡ್ ತಗೊಳ್ಳಿ, ಉಳ್ಳವ್ರನ್ನ ದೋಚಿ ಬಡವ್ರಿಗೆ ಕೊಡ್ತಿದ್ದ ಅನ್ನೋ ಇಂಗ್ಲೆಂಡಿನ ಕತೆಯ ಕಳ್ಳ. ಊರೆಲ್ಲ ಶೆರ್ವುಡ್ ಕಾಡು ಅಂತಾರೆ, ಹಳೇ ಲಾವಣಿ ನೋಡಿದ್ರೆ ಯಾರ್ಕ್‌ಷೈರಿನ ಬಾರ್ನ್ಸ್‌ಡೇಲೂ ಇದೆ, ಎರಡೂ ಕಡೆಯವ್ರು ನಮ್ಮೋನು ನಮ್ಮೋನು ಅಂತ ಹಿಡ್ಕೊಂಡಿದಾರೆ, ಥೇಟ್ ಹನುಮ ಹುಟ್ಟಿದ್ದು ಗೋಕರ್ಣದಲ್ಲೋ ಅಂಜನಾದ್ರಿಯಲ್ಲೋ ಅನ್ನೋ ಜಗಳದ ಹಾಗೆ.