ಶಿಬಿರದಲ್ಲೂ ಊರಲ್ಲೂ ಊಟದ ಕೊರತೆ ಅಳೆಯುವುದು ಹೇಗೆ: ಕಾಕ್ಸ್ ಬಜಾರ್

ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಉಖಿಯಾ, ಟೆಕ್ನಾಫ್‌ಗಳಲ್ಲಿ ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ನಿರಾಶ್ರಿತರ ಶಿಬಿರಗಳಿಗೆ ತಾಗಿಕೊಂಡೇ ಬಡ ಕೂಲಿಕಾರರ, ಮೀನುಗಾರರ ಊರುಗಳಿವೆ. ಎರಡೂ ಕಡೆ ಒಂದೇ ಪ್ರಶ್ನಾವಳಿಯನ್ನು ಒಂದೇ ವಾರಗಳಲ್ಲಿ ಕೇಳಿ. ಲೆಕ್ಕ ಮಾತ್ರ ಬೇರೆ ಬೇರೆ ಇರಲಿ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಪಡಿತರವಿಲ್ಲದ ಊರಿನ ಮನೆ ಕಾಣದೇ ಹೋಗುತ್ತದೆ.

ಅಡುಗೆ ಮಾಡುವವರನ್ನೇ ಮಾತಾಡಿಸಿ, ಹೆಂಗಸರನ್ನು ಹೆಂಗಸರೇ ಕೇಳಲಿ. ಹಿಂದಿನ 7 ದಿನಗಳಲ್ಲಿ ಯಾವ ಆಹಾರ ಎಷ್ಟು ದಿನ ಮನೆಯಲ್ಲಿ ಉಂಡರು ಎಂದು ಬರೆದುಕೊಂಡು, ದಿನಗಳನ್ನು ಆ ಆಹಾರದ ತೂಕದಿಂದ, ಅಂದರೆ ಅದರ ಪೌಷ್ಟಿಕತೆಗೆ ಕೊಟ್ಟ ಅಂಕದಿಂದ ಗುಣಿಸಿ ಕೂಡಿಸಿ: ಅನ್ನ, ರೊಟ್ಟಿ, ಗೆಡ್ಡೆ 2, ಬೇಳೆಕಾಳು 3, ತರಕಾರಿ 1, ಹಣ್ಣು 1, ಮಾಂಸ, ಮೀನು, ಮೊಟ್ಟೆ 4, ಹಾಲು 4, ಎಣ್ಣೆ, ಸಕ್ಕರೆ ತಲಾ 0.5. ಯಾವ ಗುಂಪಿಗೂ 7 ದಿನ ಮೀರಬಾರದು. ಎಣ್ಣೆ ದಿನವೂ ಬಳಸುವ ಈ ಕಡೆ ಮೊತ್ತ 28ರವರೆಗೆ ಕಳಪೆ, 42ರವರೆಗೆ ಅಂಚಿನಲ್ಲಿ, ಅದಕ್ಕಿಂತ ಮೇಲೆ ಪರವಾಗಿಲ್ಲ.

ಹೆಚ್ಚು ಎಡವುವುದು ಮೀನಿನಲ್ಲಿ. ಒಂದು ಮನೆಯಲ್ಲಿ ಅನ್ನ 7 ದಿನ, ಬೇಳೆ 3, ತರಕಾರಿ 5, ಮೀನಿನ ತುಂಡು 1, ಎಣ್ಣೆ 7, ಸಕ್ಕರೆ 2 ಎಂದರೆ ಮೊತ್ತ 36.5, ಅಂದರೆ ಅಂಚಿನಲ್ಲಿ. ಉಳಿದ 6 ದಿನ ಸಾರಿಗೆ ಚಿಟಿಕೆ ಒಣಮೀನು ಹಾಕಿದ್ದನ್ನೂ ಮೀನೆಂದು ಬರೆದರೆ 24 ಕೂಡಿ 60.5 ಆಗುತ್ತದೆ, ಕೊರತೆಯಿರುವ ಮನೆ ಚೆನ್ನಾಗಿ ಉಣ್ಣುವವರ ಪಟ್ಟಿಗೆ ಸೇರುತ್ತದೆ. ರುಚಿಗೆ ಹಾಕಿದ ಒಣಮೀನು, ಚಹಾದ ಹಾಲು ಮಸಾಲೆಯ ಲೆಕ್ಕ, ತೂಕ 0. "ತಲೆಗೆ ಎಷ್ಟು ಬಂತು?" ಎಂದು ಪ್ರತಿ ಸಲವೂ ಕೇಳಲೇಬೇಕು.

ನಂತರ ಅದೇ 7 ದಿನಗಳಲ್ಲಿ ಊಟ ಸಾಲದಾದಾಗ ಮನೆಯವರು ಪಟ್ಟ ಪರದಾಟ: ಅಗ್ಗದ್ದು ತಿಂದದ್ದು 1, ಆಹಾರ ಕೈಗಡ ತಂದದ್ದು ಅಥವಾ ನೆಂಟರಿಷ್ಟರ ನೆರವು ನೆಚ್ಚಿದ್ದು 2, ಪ್ರಮಾಣ ಕಡಿಮೆ ಮಾಡಿದ್ದು 1, ಮಕ್ಕಳಿಗಾಗಿ ದೊಡ್ಡವರು ಬಿಟ್ಟದ್ದು 3, ಹೊತ್ತಿನ ಊಟ ತಪ್ಪಿಸಿದ್ದು 1. ಇದನ್ನೂ ದಿನಗಳಿಂದ ಗುಣಿಸಿ, ಗರಿಷ್ಠ 56. ಮೊತ್ತ 19 ಮುಟ್ಟಿದರೆ ಮನೆ ಬಿಕ್ಕಟ್ಟಿನ ಹಂತದಲ್ಲಿದೆ ಎಂದು ಓದಿಕೊಳ್ಳಿ. ಊಟದ ಅಂಕ ಚೆನ್ನಾಗಿದ್ದು ಪರದಾಟದ ಅಂಕವೂ ಜೋರಾಗಿದ್ದರೆ ಸಾಲದ ಬಗ್ಗೆ, ಮಾರಿದ ಸಾಮಾನಿನ ಬಗ್ಗೆ ವಿಚಾರಿಸಿ.

ದಿನಾಂಕ ಬಹಳ ಮುಖ್ಯ. 2023ರಲ್ಲಿ ಶಿಬಿರದವರಿಗೆ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಪಡಿತರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಫೆಬ್ರವರಿಯ ಅಂಕವನ್ನು ಜುಲೈಗೆ ಒಪ್ಪಿಸಿದರೆ ಅದು ಸುಳ್ಳು ವರದಿ. ಪಡಿತರ ಪಡೆದು ಎಷ್ಟು ದಿನವಾಯಿತು ಎಂಬುದನ್ನೂ ಬರೆದಿಡಿ. ಊರಿನಲ್ಲಿ ಇದೇ ಏರಿಳಿತ ಕೂಲಿಯಿಂದ, ಮೀನುಗಾರಿಕೆ ನಿಷೇಧದ ತಿಂಗಳುಗಳಿಂದ ಬರುತ್ತದೆ.

ಮನೆಯಲ್ಲಿ 6ರಿಂದ 59 ತಿಂಗಳ ಮಗುವಿದ್ದರೆ ಎಡ ರಟ್ಟೆಯ ಸುತ್ತಳತೆ ನೋಡಿ. 115 ಮಿ.ಮೀ.ಗಿಂತ ಕಡಿಮೆ ಬಂದರೆ ವರದಿಗೆ ಕಾಯದೆ ಮಗುವನ್ನು ಅಂದೇ ಪೌಷ್ಟಿಕ ಕೇಂದ್ರಕ್ಕೆ ಕಳುಹಿಸಿ.