ಪಕ್ಕದ ಸೀಟಿನ ಬ್ರೇಕು

ಶಿವಮೊಗ್ಗದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ನನ್ನ ಬಳಿಗೆ ಹೊಸದಾಗಿ ಕಲಿಯುವವರಷ್ಟೇ ಬರುವುದಿಲ್ಲ. ವರ್ಷಗಟ್ಟಲೆ ಕಾರು ಓಡಿಸಿ, ಒಂದು ಅಪಘಾತದ ನಂತರ ಕೀಲಿಕೈಯನ್ನೇ ಮುಟ್ಟದವರೂ ಬರುತ್ತಾರೆ. "ಸ್ವಲ್ಪ ಧೈರ್ಯ ತುಂಬಿ ಸಾರ್" ಎಂದು ಮನೆಯವರು ಒಪ್ಪಿಸಿ ಹೋಗುತ್ತಾರೆ. "ಏನೂ ಆಗುವುದಿಲ್ಲ" ಎಂಬ ಮಾತು ನನ್ನ ಕಾರಿನಲ್ಲಿ ನಿಷಿದ್ಧ. ಅವರಿಗೆ ಒಮ್ಮೆ ಆಗಿಬಿಟ್ಟಿದೆ. ಹಾಗೆ ಹೇಳುವವನನ್ನು ಅವರು ಏಕೆ ನಂಬಬೇಕು?

ಮೊದಲ ದಿನ ಗಾಡಿ ತೆಗೆಯುವುದಿಲ್ಲ, ಕುಳಿತು ಮಾತನಾಡುತ್ತೇವೆ. ಅಪಘಾತವಾಗಿ ತಿಂಗಳು ಕಳೆದರೂ ಕೆಟ್ಟ ಕನಸು ಬೀಳುತ್ತಿದ್ದರೆ, ಎಚ್ಚರವಿದ್ದಾಗಲೂ ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ಮೊದಲು ಮನೋವೈದ್ಯರನ್ನು ಕಂಡು ಬನ್ನಿ ಎನ್ನುತ್ತೇನೆ. ವೈದ್ಯರ ಹೆಸರು ಕೇಳಿದರೇ ಹಿಂಜರಿಯುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಡುತ್ತೇನೆ; ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. ಅವನ್ನು ತೆಗೆದುಕೊಳ್ಳುವವರು ಗಾಡಿ ಓಡಿಸಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು, ನಾನಲ್ಲ.

ಒಬ್ಬ ಶಿಕ್ಷಕಿಯ ವಿಷಯ ಹೇಳುತ್ತೇನೆ. ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ, ಮಂಡಗದ್ದೆಯ ಹತ್ತಿರ ಅವರ ಕಾರಿಗೆ ಲಾರಿ ಗುದ್ದಿತ್ತು. ಮೂಳೆ ಕೂಡಿಕೊಂಡಿತು, ಭಯ ಹೋಗಲಿಲ್ಲ. ಅವರನ್ನು ಕಾಡುತ್ತಿದ್ದುದು ಲಾರಿಗಿಂತ ಹೆಚ್ಚಾಗಿ ವೈಪರ್‌ನ ಸದ್ದು. ಮಲೆನಾಡಿನಲ್ಲಿದ್ದುಕೊಂಡು ವೈಪರ್ ಬೇಡವೆಂದರೆ ವರ್ಷದ ಅರ್ಧ ಭಾಗ ಮನೆಯಲ್ಲೇ ಇರಬೇಕು. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆವು. ನಿಂತ ಕಾರಿನಲ್ಲಿ ಅವರು ಚಾಲಕರ ಸೀಟಿನಲ್ಲಿ ಕೂರುವುದು, ಗಾಜಿಗೆ ನೀರು ಚಿಮ್ಮಿಸಿ ವೈಪರ್ ಓಡಿಸುವುದು, ಅಷ್ಟೇ. "ಮೇಡಂ, ಈಗಿನ ಭಯಕ್ಕೆ ಹತ್ತಕ್ಕೆ ಎಷ್ಟು?" ಎಂದು ಕೇಳುತ್ತಿದ್ದೆ. ಅಂಕ ಹಾಕುವುದು ಅವರಿಗೆ ಹೊಸದಲ್ಲವಲ್ಲ! ಎಂಟು ಎಂದಿದ್ದವರು ಮೂರೋ ನಾಲ್ಕೋ ಎನ್ನುವವರೆಗೆ ಅಲ್ಲೇ ಕೂರುತ್ತಿದ್ದೆವು. ಆಮೇಲೆ ವಿನೋಬನಗರದ ಒಳರಸ್ತೆ, ಅದಾದ ಮೇಲೆ ಬೆಳಗಿನ ಹೊತ್ತು ಸವಳಂಗ ರಸ್ತೆ. ತೀರ್ಥಹಳ್ಳಿ ದಾರಿಯನ್ನೂ ತುಂಡು ಮಾಡಿಕೊಂಡೆವು: ಮೊದಲು ಗಾಜನೂರು, ಮುಂದೆ ಸಕ್ರೆಬೈಲು, ಕೊನೆಗೆ ಮಂಡಗದ್ದೆ. ಮುಂದಿನ ತುಂಡು ಯಾವಾಗ ಎಂಬುದು ಅವರ ತೀರ್ಮಾನ.

ಒಂದು ನಿಯಮವನ್ನು ಮಾತ್ರ ನಾನು ಸಡಿಲಿಸುವುದಿಲ್ಲ. ಎದೆ ಹೊಡೆದುಕೊಳ್ಳತೊಡಗಿದರೆ ರಸ್ತೆ ಬಿಟ್ಟು ಜಾಗವಿರುವಲ್ಲಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಉಸಿರನ್ನು ನಿಧಾನವಾಗಿ ಬಿಡುತ್ತಾ ಕಾಯಬೇಕು. ಆದರೆ ಭಯ ನೆತ್ತಿಗೇರಿದ ಗಳಿಗೆಯಲ್ಲಿ ಮನೆಗೆ ತಿರುಗಬಾರದು. ತಿರುಗಿದ ಕೂಡಲೇ ಸಿಗುವ ನೆಮ್ಮದಿಯೇ ಮನಸ್ಸಿಗೆ "ಓಡಿಬಂದೆ, ಅದಕ್ಕೇ ಉಳಿದೆ" ಎಂದು ಕಲಿಸುತ್ತದೆ. ಭಯ ಇಳಿಯಲಿ, ಸ್ವಲ್ಪವೇ ಮುಂದೆ ಹೋಗಿ ಆಮೇಲೆ ಹಿಂದಿರುಗೋಣ. ಆ ಶಿಕ್ಷಕಿಯ ಯಜಮಾನರು ಪ್ರೀತಿಯಿಂದಲೇ ದಿನಾ ಶಾಲೆಗೆ ಬಿಟ್ಟು ಬರುತ್ತಿದ್ದರು. ಆ ಪ್ರೀತಿಯೂ ಭಯಕ್ಕೆ ಗೊಬ್ಬರವಾಗುತ್ತಿತ್ತು ಎಂದು ಅವರಿಗೆ ಹೇಳುವುದು ನನಗೆ ಕಷ್ಟವಾಯಿತು.

ಇದರ ಜೊತೆಗೆ ಕೈಗೆ ಕೆಲಸವನ್ನೂ ಕಲಿಸಬೇಕು. ಖಾಲಿ ಮೈದಾನದಲ್ಲಿ ಸಾಧಾರಣ ವೇಗದಿಂದ ಒಮ್ಮೆಲೇ ಬ್ರೇಕ್ ಒತ್ತಿಸುತ್ತೇನೆ. ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ ಇರುವ ಕಾರಿನಲ್ಲಿ ಪೆಡಲ್ ಕಾಲ ಕೆಳಗೆ ನಡುಗುತ್ತದೆ. ಗೊತ್ತಿಲ್ಲದವರು ಏನೋ ಮುರಿಯಿತೆಂದು ಕಾಲು ತೆಗೆಯುತ್ತಾರೆ. ಹಾಗೆ ತೆಗೆಯದೆ ಗಟ್ಟಿಯಾಗಿ ಒತ್ತಿಕೊಂಡೇ ಸ್ಟಿಯರಿಂಗ್ ತಿರುಗಿಸಬಹುದು ಎಂದು ಮೈಗೆ ಗೊತ್ತಾದವರ ಮುಖವನ್ನು ನೋಡಬೇಕು. ನಾನು ಎಷ್ಟು ಮಾತನಾಡಿದರೂ ಬಾರದ ನಂಬಿಕೆ ಅಲ್ಲಿ ಬರುತ್ತದೆ.

ಇನ್ನು ನನ್ನ ಕಾಲ ಕೆಳಗಿನ ಬ್ರೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತರಬೇತಿ ಕಾರಿನಲ್ಲಿ ಜೋಡಿ ನಿಯಂತ್ರಣ, ಅಂದರೆ ಕಲಿಸುವವನೂ ಗಾಡಿ ನಿಲ್ಲಿಸಬಹುದಾದ ಏರ್ಪಾಡು, ಇರಲೇಬೇಕು. ಹೊಸಬರಿಗೆ ಅದು ರಕ್ಷೆ. ಹೆದರಿದವರಿಗೆ ಅದು ಊರುಗೋಲಾಗಿಬಿಡುತ್ತದೆ: "ಸಾರ್ ಇದ್ದಾರೆ, ಸಾರ್ ಒತ್ತುತ್ತಾರೆ." ನನ್ನ ಜೊತೆ ಸಲೀಸಾಗಿ ಓಡಿಸಿದ ಶಿಕ್ಷಕಿ ಸ್ವಂತ ಕಾರಿನಲ್ಲಿ ಮತ್ತೆ ಏಳೆಂಟು ಅಂಕಕ್ಕೆ ಹೋದರು. ಅದು ನಿರೀಕ್ಷಿತವೇ. ಹಾಗಾಗಿ ಕೊನೆಯ ಹಂತ ಯಾವಾಗಲೂ ಅವರದೇ ಕಾರಿನಲ್ಲಿ. ನಾನು ಮೊದಲು ಪಕ್ಕದ ಸೀಟಿನಲ್ಲಿ, ಆಮೇಲೆ ಹಿಂದಿನ ಸೀಟಿನಲ್ಲಿ, ಆಮೇಲೆ ಬೇರೆ ಗಾಡಿಯಲ್ಲಿ ಅವರ ಹಿಂದೆ.

ಗಂಡಸರ ಜೊತೆ ಇದೇ ಕೆಲಸ ಇನ್ನೂ ನಿಧಾನ. ಅವರಿಗೆ ಭಯವಿರುವುದಿಲ್ಲ, "ಕ್ಲಚ್ ಸರಿಯಿಲ್ಲ", "ಟೈರ್ ಸವೆದಿದೆ". ಒಬ್ಬ ಟ್ಯಾಕ್ಸಿ ಚಾಲಕ ಘಾಟಿ ಇಳಿಯುವಾಗ ಗಾಡಿ ಜಾರಿಸಿಕೊಂಡ ಮೇಲೆ ಆಗುಂಬೆ ಬಾಡಿಗೆಯನ್ನೇ ಬಿಟ್ಟಿದ್ದ. ಅಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಘಾಟಿಯ ಬುಡದ ಸೋಮೇಶ್ವರದವರೆಗೆ ನಾನು ಇಳಿಸಿದೆ, ಅವನು ಪಕ್ಕದಲ್ಲಿ ಕುಳಿತು ಕಂಡ ಅಪಾಯವನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಬಂದ. ಹತ್ತುವಾಗ ಸ್ಟಿಯರಿಂಗ್ ಅವನ ಕೈಗೆ. ಏರಿನಲ್ಲಿ ಗಾಡಿ ತಾನಾಗಿಯೇ ವೇಗ ಕಳೆದುಕೊಳ್ಳುವುದರಿಂದ ಭಯ ಕಡಿಮೆ. ಹತ್ತುವುದು ಅಭ್ಯಾಸವಾದ ಮೇಲೆಯೇ, ಹತ್ತಿದ ಗೇರಿನಲ್ಲೇ ಇಳಿಯುವುದು.

ಈಗ ಅವನು ಆಗುಂಬೆಗೆ ಹೋಗುತ್ತಾನೆ. ಜಡಿಮಳೆಯ ರಾತ್ರಿ ಘಾಟಿ ಇಳಿಯುವ ಬಾಡಿಗೆಯನ್ನು ಮಾತ್ರ ಒಪ್ಪುವುದಿಲ್ಲ. "ಇನ್ನೂ ಭಯ ಬಿಟ್ಟಿಲ್ಲವಲ್ಲ ಸಾರ್" ಎಂದು ಅವನ ಮಾಲೀಕರು ನನಗೆ ಫೋನ್ ಮಾಡಿದ್ದರು. ಆ ಬಾಡಿಗೆಯನ್ನು ನಾನೂ ಒಪ್ಪುವುದಿಲ್ಲ ಎಂದೆ.